ಟೋಪಿಯ ಪಿನ್ನು ಓಡಿಸಿದ ಕಾರು

ಹೈಡೆಲ್‌ಬರ್ಗ್‌ನಿಂದ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ವೀಸ್‌ಲೋಖ್ ಸಿಗುತ್ತದೆ. ಜರ್ಮನಿಯ ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದಂಥ ಊರು. ಪ್ರವಾಸಿಗರು ಇಲ್ಲಿ ನೋಡಬಯಸುವುದು ಕೋಟೆಯನ್ನಲ್ಲ, ಒಂದು ಔಷಧದಂಗಡಿಯ ಕಟ್ಟಡವನ್ನು. ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಎಂಬ ಕೀರ್ತಿ ಅದಕ್ಕಿದೆ!

1888ರ ಆಗಸ್ಟ್‌ನಲ್ಲಿ ಬೆರ್ತಾ ಬೆಂಜ್ ತಮ್ಮ ಇಬ್ಬರು ಮಕ್ಕಳೊಂದಿಗೆ ಮಾನ್‌ಹೈಮ್‌ನಿಂದ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಹಿರಿಯ ಮಗನಿಗೆ 15 ವರ್ಷ, ಕಿರಿಯನಿಗೆ 13. ಏರಿದ್ದು ಪತಿ ಕಾರ್ಲ್ ಬೆಂಜ್ ರೂಪಿಸಿದ ಮೂರು ಚಕ್ರದ ಕಾರನ್ನು. ಪತಿಗೆ ಮಾತ್ರ ಹೇಳಿರಲಿಲ್ಲ. ಪೇಟೆಂಟ್‌ಗೆ ಅರ್ಜಿ ಹಾಕಿ ಎರಡೂವರೆ ವರ್ಷವಾದರೂ ಜನಕ್ಕೆ ಆ ಗಾಡಿಯ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಬೆರ್ತಾ ತಂದ ವರದಕ್ಷಿಣೆಯ ಹಣವೂ ಆ ಉದ್ಯಮದಲ್ಲಿ ಸೇರಿತ್ತು. ದಾರಿಯೋ, ಸುಮಾರು 100 ಕಿ.ಮೀ.

ಆ ಕಾರಿಗೆ ಇಂದಿನಂಥ ಪೆಟ್ರೋಲ್ ಟ್ಯಾಂಕ್ ಇರಲಿಲ್ಲ. ಕಾರ್ಬುರೇಟರಿನಲ್ಲಿ ಹಿಡಿಯುವ ನಾಲ್ಕೂವರೆ ಲೀಟರ್ ಇಂಧನವೇ ಗತಿ. ಗಾಳಿಯು ಈ ಇಂಧನವನ್ನು ಸೋಕಿ, ಅದರ ಆವಿಯನ್ನು ಹೊತ್ತು ಎಂಜಿನ್ ಸೇರಬೇಕು. ತೊಡಕು ಇರುವುದು ಇಲ್ಲೇ. ಇಂಧನದ ಹಗುರ ಅಂಶ ಮೊದಲು ಆವಿಯಾಗಿ ಭಾರದ ಅಂಶ ತಳದಲ್ಲಿ ಉಳಿಯುತ್ತದೆ. ಹೀಗಾಗಿ ಒಳಗೆ ಇಂಧನ ಇದ್ದರೂ ಎಂಜಿನ್ ಸೊರಗಬಹುದು.

ವೀಸ್‌ಲೋಖ್ ತಲುಪುವಾಗ ಇಂಧನವೇ ಸಾಲದಾಯಿತು. ಲಿಗ್ರಾಯಿನ್ ಎಂಬ ಆ ದ್ರವವನ್ನು ಅಂದು ಮಾರುತ್ತಿದ್ದವರು ಔಷಧ ವ್ಯಾಪಾರಿಗಳು. ಬೆರ್ತಾ ಅಲ್ಲೇ ಕೊಂಡು ತುಂಬಿಸಿದರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೂರಿಸಿ ಕಸ ತೆಗೆದರು. ಕಿಡಿ ಹಾಯಿಸುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಇಂಧನ ಇದೆಯೇ, ಹರಿಯುತ್ತಿದೆಯೇ, ಕಿಡಿ ಬರುತ್ತಿದೆಯೇ? ಹಳೆಯ ಕಾರು ರಿಪೇರಿ ಮಾಡುವವರು ಇಂದಿಗೂ ಹುಡುಕುವುದು ಇದನ್ನೇ.

ಪಿನ್ನಿನ ಉಪಾಯವನ್ನು ಮಾತ್ರ ಎಲ್ಲ ಕಡೆ ಅನುಸರಿಸುವಂತಿಲ್ಲ. 1893ರಲ್ಲಿ ವಿಲ್‌ಹೆಲ್ಮ್ ಮೇಬಾಖ್ ಇಂಧನವನ್ನು ಸಿಂಪಡಿಸುವ ಕಾರ್ಬುರೇಟರ್ ರೂಪಿಸಿದ ಮೇಲೆ ಜೆಟ್ ಎಂಬ ಸಣ್ಣ ರಂಧ್ರವೇ ಅಳತೆಗೋಲಾಯಿತು. ಹಿತ್ತಾಳೆಯ ಜೆಟ್‌ಗೆ ತಂತಿ ಚುಚ್ಚಿದರೆ ರಂಧ್ರ ಅಗಲವಾಗಿ, ಪೆಟ್ರೋಲ್ ಹೆಚ್ಚು ಹರಿದು, ಕಪ್ಪು ಹೊಗೆ ಬರುತ್ತದೆ. ಗಾಳಿ ಊದಿ ಸ್ವಚ್ಛ ಮಾಡುವುದೇ ಸರಿ. ಹಳೆಯ ಸ್ಕೂಟರ್ ಓಡಿಸಿದ ಅಪ್ಪಂದಿರನ್ನು ಕೇಳಿದರೆ ಮಕ್ಕಳಿಗೆ ಇದರ ಕಥೆ ಇನ್ನಷ್ಟು ಸಿಕ್ಕೀತು.

ಈ ದಾರಿಗೆ 2008ರಲ್ಲಿ ಬೆರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಹೆಸರಾಯಿತು. ಹೋಗಿಬರುವ ಹಾದಿ ಬೇರೆಬೇರೆ, ಒಟ್ಟು 194 ಕಿ.ಮೀ. ಬ್ರುಖ್‌ಸಾಲ್ ದಾಟಿ ಫೋರ್ಟ್ಸ್‌ಹೈಮ್ ಕಡೆ ಸಾಗಿದಂತೆ ಏರುಗಳು ಎದುರಾಗುತ್ತವೆ. ಅಂಥ ಏರುಗಳಲ್ಲಿ ಮಕ್ಕಳು ಕಾರನ್ನು ತಳ್ಳಬೇಕಾಯಿತು. ಮುಟ್ಟಿದ ಸುದ್ದಿಯನ್ನು ಬೆರ್ತಾ ಗಂಡನಿಗೆ ತಂತಿಯಲ್ಲಿ ತಿಳಿಸಿದರು. ಕೆಲವು ದಿನಗಳ ನಂತರ ಅದೇ ಕಾರಿನಲ್ಲಿ ಮನೆಗೆ ಮರಳಿ, ಏರುದಾರಿಗೆ ಇನ್ನೊಂದು ಗೇರ್ ಬೇಕೆಂದರು. ಕಾರ್ಲ್ ಅದನ್ನು ಸೇರಿಸಿದರು.