ಅಪ್ಪ ಇನ್ನೂ ‘ಹೊಲದ ಹತ್ರ’ ಹೋಗ್ತಾರೆ

ಕೆ.ಆರ್. ಪುರಂ ಆಚೆ ನಮಗೊಂದು ರಾಗಿ ಹೊಲ ಇತ್ತು. ಮಾರಿ 14 ವರ್ಷ ಆಯ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್, ಗೇಟಿನೆದುರು ಟೀ ಅಂಗಡಿ. ಅಪ್ಪ ದಿನಾ ಬೆಳಿಗ್ಗೆ ಹೆಗಲಿಗೆ ಟವೆಲ್ ಹಾಕ್ಕೊಂಡು “ಹೊಲದ ಹತ್ರ ಹೋಗಿ ಬರ್ತೀನಿ ಕಣೋ” ಅಂತ ಹೊರಡೋದು ಆ ಅಂಗಡಿಗೇ. ಮಾರುವಾಗ ಸಹಿ ಹಾಕಿದವರಲ್ಲಿ ನಾನೂ ಒಬ್ಬ, ಹಾಗಾಗಿ ನಗೋಕೆ ಬಾಯಿ ಬರಲ್ಲ.

ಮೊನ್ನೆ ಹಳೇ ಪಹಣಿ ಸಿಕ್ತು. ಅದರಲ್ಲಿ ‘ಹೊಲ’ ಅನ್ನೋ ಪದವೇ ಇಲ್ಲ, ‘ಖುಷ್ಕಿ’ ಅಂತಿದೆ. ಪಾರಸಿ ಮಾತು, ಒಣ ಭೂಮಿ ಅಂತ ಅರ್ಥ. ತರಿ, ಬಾಗಾಯ್ತು ಕೂಡ ಅದೇ ಕಡೆಯಿಂದ ಬಂದವು. ಹಾಗಾದ್ರೆ ಹೊಲ ಎಲ್ಲಿಂದ ಬಂತು?

ಬರೋ ಮತ್ತು ಎಮನೋ 1961ರಲ್ಲಿ ತಂದ ದ್ರಾವಿಡ ಪದಮೂಲ ನಿಘಂಟು ನೋಡಿದೆ. ಹಳಗನ್ನಡದಲ್ಲಿ ಅದು ‘ಪೊಲ’. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪೊಲ ಹೊಲ ಆಯ್ತು. ತೆಲುಗಲ್ಲಿ ‘ಪೊಲಮು’, ತಮಿಳಲ್ಲಿ ‘ಪುಲಂ’. ನಮ್ಮ ‘ಒ’ ಇರೋ ಕಡೆ ತಮಿಳು ಬರಹದಲ್ಲಿ ‘ಉ’ ಬರೋದುಂಟು: ಕೊಡೆಗೆ ಕುಡೈ, ಹೊಗೆಗೆ ಪುಗೈ. ಆದರೆ ಶಿವಾಜಿನಗರದಲ್ಲಿ ತಮಿಳು ಮಾತಾಡೋರ ಹತ್ರ ಕೊಡೆ ಕೇಳಿ ನೋಡಿ, ಅವರ ಬಾಯಲ್ಲೂ ‘ಒ’ನೇ ಬರುತ್ತೆ.

ಈ ಪದಗಳನ್ನೆಲ್ಲ ಪಕ್ಕಪಕ್ಕ ಇಟ್ಟು, ಯಾರೂ ಬರೆದಿಡದ ಮೂಲರೂಪವನ್ನ ಭಾಷಾಪಂಡಿತರು ಊಹಿಸಿ ಕಟ್ತಾರೆ. ಊಹೆ ಅಂತ ಗೊತ್ತಾಗಲಿ ಅಂತ ಮುಂದೊಂದು ನಕ್ಷತ್ರ ಹಾಕ್ತಾರೆ. ಪೋಲಿಷ್ ಭಾಷೆಯಲ್ಲಿ ‘ಪೊಲೆ’ ಅಂದ್ರೂ ಹೊಲವೇ! ಅದರ ಹಳೇ ಸ್ಲಾವ್ ರೂಪಕ್ಕೂ ನಕ್ಷತ್ರ ಇದೆ, ಆದರೆ ಅದರ ಬೇರು ‘ಚಪ್ಪಟೆ, ಬಯಲು’ ಅನ್ನೋ ಅರ್ಥದ್ದು. ನಮಗೂ ಅವರಿಗೂ ನಂಟಿಲ್ಲ. ಇದೆ ಅಂತ ವಾಟ್ಸಾಪಲ್ಲಿ ಬಂದ್ರೆ ನಂಬಬೇಡಿ.

ಇನ್ನೊಂದು ಪದ ನಮ್ಮ ಬಾಯಿಂದ ಪೂರ್ತಿ ಹೋಗಿದೆ: ‘ಕೆಯ್’. ಹಳೇ ಶಾಸನಗಳಲ್ಲಿ ಹೊಲಗದ್ದೆಗೆ ಅದೇ ಹೆಸರು. ಕಿವಿ ತಮಿಳಲ್ಲಿ ಸೆವಿ ಆದಂತೆ ಕೆಯ್ ಅಲ್ಲಿ ‘ಚೆಯ್’. ನಂಜೆ, ಪುಂಜೆ ಅಂತಾರಲ್ಲ, ಅದರ ಬಾಲ ಇದೇ. ಇಂದಿರಾನಗರದ ಪಕ್ಕ, ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ದೇವರಿಗೆ ಭೂಮಿ ಬಿಟ್ಟ ತಮಿಳು ಶಾಸನಗಳು ಇವತ್ತಿಗೂ ಇವೆ. ಭೂಮಿ ಎಲ್ಲಿ ಅಂತ ಮಾತ್ರ ಕೇಳಬೇಡಿ.

ಪಹಣಿಯನ್ನ ಅಪ್ಪನಿಗೆ ಓದಿ ಹೇಳಿದೆ. ಟೀ ಲೋಟ ಕೆಳಗಿಟ್ಟು ಕೇಳಿದರು:

“ಎಲ್ಲಾನೂ ಖುಷ್ಕಿ ಅಂತ ಬರೆದವ್ರಾ? ಮೂಡಗಡೆ ಆರು ಗುಂಟೆ ಗದ್ದೆ ಇತ್ತಲ್ಲೋ. ಅದನ್ನೂ ಬರ್ಕೋ.”