ಒಂದು ಕಾಂಚಳಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ದೇವಾಲಯವು ನೆನಪಿಗೆ ಬರುವುದು ಸಹಜ. ನಮ್ಮ ಬಾಗಳಿಯಲ್ಲಂತೂ ಕಲ್ಲೇಶ್ವರನ ಗುಡಿಯಿದೆ, ಕ್ರಿ. ಶ. 987ರ ಸುಮಾರಿಗೆ, ಚಾಲುಕ್ಯ ತೈಲಪನ ಕಾಲದಲ್ಲಿ, ದುಗ್ಗಿಮಯ್ಯನೆಂಬವನು ಅದನ್ನು ಕಟ್ಟಿಸಿದನೆನ್ನುತ್ತಾರೆ. ಆದರೆ ನಾನು ಹೇಳಹೊರಟಿರುವುದು ಕಲ್ಲಿನ ಮಾತಲ್ಲ, ಬಟ್ಟೆಯ ಮಾತು. ಮೂರು ವರ್ಷಗಳ ಕೆಳಗೆ ಒಂದು ಹಳೆಯ ಕಾಂಚಳಿಯನ್ನು ಗಟ್ಟಿಮಾಡಿಕೊಡುವ ಕೆಲಸವು ನನ್ನ ಪಾಲಿಗೆ ಬಂದಿತು. ಆಗ ನಾನು ಮಾಡಿದ ತಪ್ಪನ್ನೂ ಅದರಿಂದ ಕಲಿತುದನ್ನೂ ಬರೆದಿಟ್ಟರೆ, ತಾಯಿಯ ಜರತಾರಿ ಕುಪ್ಪಸವನ್ನೋ ಅಜ್ಜಿಯ ಸೀರೆಯನ್ನೋ ಪೆಟ್ಟಿಗೆಯ ತಳದಲ್ಲಿ ಕಾಪಾಡಿಕೊಂಡು ಬಂದಿರುವ ಸೋದರಿಯರಿಗೆ ಪ್ರಯೋಜನವಾದೀತೆಂದು ನಂಬಿದ್ದೇನೆ.

ನಮ್ಮ ಹರಪನಹಳ್ಳಿ ಸೀಮೆಯಲ್ಲಿಯೂ ನೆರೆಯ ಹಡಗಲಿ, ಕೂಡ್ಲಿಗಿಗಳಲ್ಲಿಯೂ ಲಂಬಾಣಿಗರ ತಾಂಡೆಗಳು ಬಹಳ. ಹಿಂದೆ ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಸೀಮೆಯಿಂದ ಸೀಮೆಗೆ ನಡೆದ ಜನ ಅವರು. ರೈಲುದಾರಿ ಬಂದಮೇಲೆ ಆ ವ್ಯಾಪಾರವು ಅಳಿದು ಅಲ್ಲಲ್ಲಿಯೇ ನೆಲೆನಿಂತರು. ಅವರ ಹೆಣ್ಣುಮಕ್ಕಳ ಉಡುಪಿನಲ್ಲಿ ಸೊಂಟದಿಂದ ಕೆಳಕ್ಕೆ ಫೇಟಿಯಾ, ತಲೆಯ ಮೇಲೆ ಛಾಂಟಿಯಾ, ಎದೆಗೆ ಕಾಂಚಳಿ. ಕಾಂಚಳಿಯೆಂದರೆ ಬೆನ್ನಿಲ್ಲದ ಕುಪ್ಪಸ. ಹಿಂದೆ ಕಸೆಗಳಿಂದ ಬಿಗಿಯತಕ್ಕದ್ದು. ಅದರ ಮುಂಭಾಗವೆಲ್ಲ ಕನ್ನಡಿಬಿಲ್ಲೆ, ಕವಡೆ, ನಾಣ್ಯ, ಬಣ್ಣದ ನೂಲಿನ ಕಸೂತಿ. ನೋಡುವವರಿಗೆ ಅದು ಬೆಳಕು, ತೊಡುವವಳಿಗೆ ಭಾರ.

ದೀಪಾವಳಿಯ ಅಮಾವಾಸ್ಯೆಗೆ ಇನ್ನು ಎಂಟು ದಿನವಿರುವಾಗ, ಒಂದು ಮಧ್ಯಾಹ್ನ, ತಾಂಡೆಯ ಮುದುಕಿಯೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ನಮ್ಮ ಪಡಸಾಲೆಗೆ ಬಂದಳು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವಳು, ನನಗೆ ಹೊಸಬಳಲ್ಲ. ಹಳೆಯ ಸೀರೆಯ ಗಂಟನ್ನು ಬಿಚ್ಚಿ ಕಾಂಚಳಿಯನ್ನು ನನ್ನ ಮಡಿಲಲ್ಲಿಟ್ಟಳು.

“ನಮ್ಮ ಅವ್ವಂದು ಇದು. ಈ ಹುಡುಗಿ ಇದನ್ನ ತೊಟ್ಟು ಮೇರಾಕ್ಕೆ ಹೋಗ್ತೀನಿ ಅಂತಾಳ. ನಿನ್ನ ಕಡೆ ಮಿಷೀನು ಐತಲ್ಲವ್ವಾ, ಗಟ್ಟಿ ಮಾಡಿಕೊಡು” ಎಂದಳು.

ಮೇರಾ ಎಂದರೆ, ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಹಾಡುತ್ತ ತಾಂಡೆಯ ಮನೆಮನೆಗೂ ಹೋಗಿ ಶುಭ ಕೋರುವ ಸಂಪ್ರದಾಯ. ಹಾಡಿನೊಡನೆ ಕುಣಿತವೂ ಉಂಟು. ತೋಳೆತ್ತಬೇಕು, ಬಾಗಬೇಕು, ತಿರುಗಬೇಕು. ಕಾಂಚಳಿಯಾದರೋ ಎತ್ತಿದರೆ ಹರಿಯುವಂತಿದ್ದಿತು.

ಮುದುಕಿಯು ಇನ್ನೊಂದು ಮಾತನ್ನೂ ಹೇಳಿದಳು. ಹಂಪೆಯ ಪ್ರವಾಸಿಗರಿಗೆ ಚೀಲ, ದಿಂಬಿನ ಗವುಸುಗಳನ್ನು ಮಾರುವ ವರ್ತಕನೊಬ್ಬನು ತಾಂಡೆಗೆ ಬಂದು ಹಳೆಯ ಕಾಂಚಳಿಗಳನ್ನು ಕೊಳ್ಳುತ್ತಿದ್ದನಂತೆ. ಅವುಗಳನ್ನು ತುಂಡುತುಂಡಾಗಿ ಕತ್ತರಿಸಿ ಚೀಲಕ್ಕೆ ಹಚ್ಚುವುದು ಅವನ ಉದ್ಯೋಗ. ತೊಡಲು ಬಾರದಿದ್ದರೆ ಇದನ್ನೂ ಅವನಿಗೆ ಕೊಟ್ಟುಬಿಡುವುದೆಂದು ಮನೆಯವರ ತೀರ್ಮಾನವಾಗಿದ್ದಿತು. ಹೀಗೆ ಅದರ ಹಣೆಯ ಬರಹವು ನನ್ನ ಸೂಜಿಯ ಮೊನೆಗೆ ಬಂದು ನಿಂತಿತು.

ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆನು, ಮುಕ್ಕಾಲು ಕಿಲೋಗ್ರಾಮು! ಅದರಲ್ಲಿ ಬೆಳ್ಳಿಯ ಎಂಟಾಣೆಗಳು ಹದಿನೇಳು. ಹಳೆಯ ಬೆಳ್ಳಿಯ ರೂಪಾಯಿಯ ತೂಕ 11.66 ಗ್ರಾಮು; ಎಂಟಾಣೆಯದು ಅದರ ಅರ್ಧ. ನಾಣ್ಯಗಳೇ ನೂರು ಗ್ರಾಮಿನಷ್ಟಾದುವು. ಉಳಿದುದು ಗಾಜು, ಕವಡೆ, ಸೀಸದ ಮಣಿ, ನೂಲು. ಇಷ್ಟನ್ನೂ ಹೊತ್ತಿದ್ದುದು ಬೆವರಿನಿಂದ ಜೀರ್ಣವಾದ ಒಂದು ಪದರದ ಹತ್ತಿಬಟ್ಟೆ.

ನನಗೆ ಹೊಲಿಗೆ ಬರುವುದೆಂಬ ಹೆಮ್ಮೆಯಿತ್ತು. ಆ ಸಂಜೆಯೇ ಯಂತ್ರದ ಮುಂದೆ ಕುಳಿತು, ಕಸೆಯು ಸೇರುವ ಅಂಚಿನಲ್ಲಿ ಒತ್ತೊತ್ತಾಗಿ ಮೂರು ಸಾಲು ಹೊಡೆದೆನು. ಹೆಚ್ಚು ಹೊಲಿದಷ್ಟೂ ಹೆಚ್ಚು ಗಟ್ಟಿಯೆಂಬುದು ನನ್ನ ತಿಳಿವಳಿಕೆ. ಮೂರನೆಯ ಸಾಲಿನಲ್ಲಿ ಯಂತ್ರದ ಪಾದವು ಕನ್ನಡಿಯೊಂದನ್ನೇರಿ ಅದು ಎರಡಾಗಿ ಸೀಳಿತು. ಬಟ್ಟೆಯನ್ನು ಹೊರಕ್ಕೆಳೆದು ನೋಡಿದರೆ, ಸೂಜಿಯು ಚುಚ್ಚಿದ ರಂಧ್ರಗಳು ಅಂಚೆಚೀಟಿಯ ಸುತ್ತಣ ತೂತುಗಳಂತೆ ಸಾಲಾಗಿ ನಿಂತಿದ್ದುವು. ಕಸೆಯನ್ನು ಮೆಲ್ಲನೆ ಹಿಡಿದುದೇ ತಡ, ಆ ಸಾಲಿನಗುಂಟ ನಾಲ್ಕು ಬೆರಳಗಲ ಬಟ್ಟೆ ಹರಿದು ನನ್ನ ಕೈಗೆ ಬಂದಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಮುದುಕಿಯನ್ನು ಕರೆಸಿ, ತಪ್ಪನ್ನು ಒಪ್ಪಿಕೊಂಡೆನು. ಅವಳು ಬೈಯಲಿಲ್ಲ. ಕಣ್ಣು ಮಂಜಾದ ಕಾರಣ ಬೆರಳಿನಿಂದಲೇ ಹರುಕನ್ನು ಸವರಿ ನೋಡಿ, ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು:

“ನಿಂದಲ್ಲ ತಪ್ಪು, ನಂದು. ನಮ್ಮ ಅವ್ವ ಇದಕ್ಕೆ ಒಳಗೊಂದು ದಪ್ಪ ಬಟ್ಟೆ ಹಾಕಿದ್ದಳು. ಮಗಳು ಹುಟ್ಟಿದಾಗ ಚಳಿಗಾಲ; ಮನಿಯಾಗ ಒಂದು ಅರಿವೆ ಇರಲಿಲ್ಲ. ಆ ಒಳಬಟ್ಟೆ ಬಿಚ್ಚಿ ಕೂಸಿಗೆ ಕುಲಾವಿ ಹೊಲಿದೆ. ಮ್ಯಾಲಿಂದೊಂದೇ ಉಳೀತು.”

ಆ ಮಾತಿನಿಂದ ನನಗೆ ಎಲ್ಲವೂ ಅರ್ಥವಾಯಿತು. ಕಸೂತಿಯ ಬಟ್ಟೆಯು ಭಾರವನ್ನು ಹೊರಲಿಕ್ಕೆಂದು ಹುಟ್ಟಿದುದೇ ಅಲ್ಲ. ಅದನ್ನೇ ಹೊರುವ ಇನ್ನೊಂದು ಬಟ್ಟೆ ಒಳಗಿದ್ದಿತು. ನಮ್ಮ ಗುಡಿಯ ಮಂಟಪದ ಕಂಬಗಳನ್ನು ನೋಡಿರಿ: ಕೆತ್ತನೆಯೆಲ್ಲ ಮೇಲುಮೈಯದು, ಚಾವಣಿಯ ಭಾರವನ್ನು ತಾಳಿರುವುದು ಒಳಗಿನ ಕಲ್ಲು. ಒಳಗನ್ನು ತೆಗೆದು ಕೆತ್ತನೆಯನ್ನು ಮಾತ್ರ ನಿಲ್ಲಿಸಿದರೆ ಮಂಟಪವು ಎಷ್ಟು ದಿನ ನಿಂತೀತು?

ಉಳಿದ ಆರು ದಿನಗಳಲ್ಲಿ ನಾವಿಬ್ಬರೂ ಕೂಡಿ ಮಾಡಿದ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ಖಾದಿಯ ಒತ್ತು ನೇಯ್ಗೆಯ ಕೋರಾ ಬಟ್ಟೆಯನ್ನು ತಂದು, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಒಣಗಿಸಿ, ಇಸ್ತ್ರಿ ಮಾಡಿದೆವು. ಹೊಸ ಹತ್ತಿಬಟ್ಟೆಯು ಮೊದಲ ನೀರಿಗೆ ಕುಗ್ಗುವುದು. ಹೊಲಿದಮೇಲೆ ಕುಗ್ಗಿದರೆ ಕಸೂತಿಯೆಲ್ಲ ಸುಕ್ಕಾಗುವುದು. ಹಳೆಯ ಬಟ್ಟೆಯ ಹಾಸು ಯಾವ ಕಡೆಗಿದೆಯೋ ಅದೇ ಕಡೆಗೆ ಹೊಸದರ ಹಾಸೂ ಬರುವಂತೆ ಕತ್ತರಿಸಿದೆವು. ಎರಡನ್ನೂ ಚಾಪೆಯ ಮೇಲೆ ಚಪ್ಪಟೆಯಾಗಿ ಹರಡಿ, ನಡುವಿನಿಂದ ಅಂಚಿನ ಕಡೆಗೆ ಹಸಿಹೊಲಿಗೆ ಹಾಕಿದೆವು. ಯಂತ್ರಕ್ಕೆ ಮುಸುಕು ಹಾಕಿ ಮೂಲೆಗೆ ಸರಿಸಿದ್ದಾಯಿತು.

ಎರಡನೆಯದು ಕಸೆ. ಹಳೆಯ ಕಸೆಯನ್ನು ಅಂಚಿಗೆ ಮಾತ್ರ ಕಟ್ಟಿದ್ದುದರಿಂದ ಎಳೆತವೆಲ್ಲ ಒಂದೇ ಕಡೆಗೆ ಬೀಳುತ್ತಿದ್ದಿತು. ಬಟ್ಟೆಯು ಸೋಲುವುದು ಯಾವಾಗಲೂ ದಪ್ಪವು ಮುಗಿದು ತೆಳುವು ಮೊದಲಾಗುವ ಗೆರೆಯಲ್ಲಿಯೇ. ಆದುದರಿಂದ ನೇಯ್ದ ಅಗಲ ನಾಡಾಪಟ್ಟಿಯನ್ನು ತಂದು, ಅದು ಭುಜದಿಂದಿಳಿದು ಎದೆಯ ಕೆಳಗೆ ಅಡ್ಡಹಾಯ್ದು ಇನ್ನೊಂದು ಪಕ್ಕದಲ್ಲಿ ಕಸೆಯಾಗಿ ಹೊರಬರುವಂತೆ, ಒಳಬಟ್ಟೆಗೆ ಮಾತ್ರ ಹೊಲಿದೆವು. ಈಗ ಕಸೆಯನ್ನು ಎಷ್ಟು ಬಿಗಿದರೂ ಎಳೆತವು ಪಟ್ಟಿಯ ಮೇಲೆಯೇ ಹೋಗುವುದು; ಕಸೂತಿಗೆ ಅದರ ಸುದ್ದಿಯೇ ಇಲ್ಲ.

ಮೂರನೆಯದು ನಾಣ್ಯ. ನಾಣ್ಯಕ್ಕೆ ಬೆಸೆದ ಕೊಂಡಿಯ ಅಂಚು ಹರಿತವಾದುದರಿಂದ ನೂಲನ್ನು ದಿನದಿನಕ್ಕೂ ಕೊಯ್ಯುತ್ತಿರುವುದು. ಜೋಡಿ ನೂಲಿಗೆ ಜೇನುಮೇಣವನ್ನು ಉಜ್ಜಿ, ಒಳಬಟ್ಟೆಯವರೆಗೂ ಚುಚ್ಚಿ, ಕೊಂಡಿಯ ಸುತ್ತ ಕಾಜಾ ಹೊಲಿಗೆ ಹಾಕಿದೆವು. ಒಂದೊಂದು ನಾಣ್ಯಕ್ಕೂ ಬೇರೆಬೇರೆ ಗಂಟು. ಒಂದೇ ಎಳೆಯಲ್ಲಿ ಹತ್ತನ್ನು ಹೊಲಿದರೆ ಕೆಲಸವು ಬೇಗನಾಗುವುದು ನಿಜ; ಆದರೆ ಆ ಎಳೆಯು ಹರಿದ ದಿನ ಹತ್ತೂ ಹೋಗುವುವು. ಸೀಳಿದ ಕನ್ನಡಿಯ ಜಾಗಕ್ಕೆ ಬೇರೊಂದು ಬಿಲ್ಲೆಯನ್ನಿಟ್ಟು, ಸುತ್ತ ನೂಲಿನ ಚೌಕಟ್ಟು ಕಟ್ಟುವುದನ್ನು ಮುದುಕಿಯು ಕಣ್ಣು ಮುಚ್ಚಿಕೊಂಡೇ ಕಲಿಸಿಕೊಟ್ಟಳು. ಕೊನೆಗೆ ಗಂಟುಗಳು ಮೈಗೆ ಚುಚ್ಚದಂತೆ ತೊಳೆದು ಮೆತ್ತಗಾದ ಪಂಚೆಯ ತುಂಡೊಂದನ್ನು ಎಲ್ಲಕ್ಕೂ ಒಳಗಡೆ ಹಚ್ಚಿದೆವು.

ಮೊಮ್ಮಗಳು ಕಾಲೇಜಿನಲ್ಲಿ ಓದುವವಳು. ನಾವು ಹೊಲಿಯುತ್ತಿರುವಾಗ ಅವಳು ತನ್ನ ಮೊಬೈಲಿನಲ್ಲಿ ಈಜಿಪ್ತ ದೇಶದ ನರ್ತಕಿಯೊಬ್ಬಳ ಚಿತ್ರವನ್ನು ತೋರಿಸಿದಳು. ಅವಳ ಎದೆಗಟ್ಟಿನ ತುಂಬ ಮಣಿ, ನಾಣ್ಯ, ಮಿಂಚು! ಕೈರೋ ನಗರದಲ್ಲಿ ಬದಿಯಾ ಮಸಾಬ್ನಿ ಎಂಬ ಕಲಾವಿದೆಯು 1926ರಲ್ಲಿ ತೆರೆದ ನೃತ್ಯಶಾಲೆಯ ಕಾಲದಿಂದ ಈ ಉಡುಪು ಹೆಸರಾಯಿತಂತೆ. ಅಲ್ಲಿಯವರ ಸಂಕಟವೂ ನಮ್ಮದೇ. ಪೇಟೆಯ ಎದೆಗಟ್ಟಿನಲ್ಲಿ ಎಳೆದರೆ ಹಿಗ್ಗುವ ಪಟ್ಟಿಯಿರುವುದು. ಮಣಿಯ ಭಾರಕ್ಕೆ ಅದು ಜೋಲುವುದು. ಆದಕಾರಣ ಬಲ್ಲವರು ಆ ಪಟ್ಟಿಯನ್ನು ಕತ್ತರಿಸಿ ತೆಗೆದು, ಹಿಗ್ಗದ ಗಟ್ಟಿಪಟ್ಟಿಯನ್ನು ಹಾಕಿ, ಒಳಗೆ ದಪ್ಪ ಬಟ್ಟೆಯನ್ನು ಕೊಟ್ಟು, ಅನಂತರವೇ ಮಣಿ ಹಚ್ಚುವರು. ಇದನ್ನು ಕೇಳಿ ಮುದುಕಿಯು, “ಅವರಿಗೂ ಒಬ್ಬಾಕಿ ಅವ್ವ ಹೇಳಿಕೊಟ್ಟಿರಬೇಕು” ಎಂದು ನಕ್ಕಳು.

ಇನ್ನೊಂದು ವಾದವು ಉಳಿದಿತ್ತು. ಕಾಂಚಳಿಯಲ್ಲಿ ಮೊದಲು ನಾಣ್ಯಗಳು ಇಪ್ಪತ್ತನಾಲ್ಕಿದ್ದುವು. ಏಳರ ಜಾಗ ಬರಿದಾಗಿತ್ತು. ಪೇಟೆಯಲ್ಲಿ ಸಿಗುವ ತಗಡಿನ ನಾಣ್ಯಗಳನ್ನು ಅಲ್ಲಿಗೆ ಹಚ್ಚಬೇಕೆಂದು ಹುಡುಗಿಯ ಹಟ. ಅಜ್ಜಿಯು ಒಪ್ಪಲಿಲ್ಲ. ಬರಿದಾದ ಜಾಗಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, “ಇದು ಮಳೆ ಹೋದ ವರುಷ ಮಾರಿದ್ದು. ಇದು ನಿಮ್ಮ ತಾತನ ಔಷಧಕ್ಕೆ. ಇದು ನಿಮ್ಮವ್ವನ ಸಾಲೀ ಪಾಟಿಗೆ” ಎಂದು ಹೇಳುತ್ತ ಹೋದಳು. ಏಳನೆಯದಕ್ಕೆ ಬರುವ ಹೊತ್ತಿಗೆ ಹುಡುಗಿಯು ತಲೆ ತಗ್ಗಿಸಿದ್ದಳು. ಆ ಜಾಗಗಳು ಹಾಗೆಯೇ ಉಳಿದುವು.

ಸಂಡೂರಿನಲ್ಲಿ 1988ರಲ್ಲಿ ಆರಂಭವಾದ ಕುಶಲಕಲಾ ಕೇಂದ್ರವು ಈ ಕಸೂತಿಯನ್ನು ನೂರಾರು ಹೆಣ್ಣುಮಕ್ಕಳಿಗೆ ಜೀವನೋಪಾಯವಾಗಿ ಮಾಡಿಕೊಟ್ಟಿದೆ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತೂ ದೊರೆಯಿತು. 2023ರಲ್ಲಿ ಹಂಪೆಯಲ್ಲಿ 1,755 ಕಸೂತಿಗಳನ್ನು ಒಟ್ಟಿಗೆ ಪ್ರದರ್ಶಿಸಿದುದು ಜಾಗತಿಕ ದಾಖಲೆಯೆನಿಸಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಹೊಸದನ್ನು ಮಾಡಿಸುವ ಸಂಸ್ಥೆಗಳಿರುವಾಗ, ಹಳೆಯದನ್ನು ಉಳಿಸುವ ಹೊಣೆಯು ಮನೆಮನೆಯ ಸೂಜಿಯದು. ಅಂಥ ಉಡುಪನ್ನು ಮಡಿಸಿಡಬೇಡಿರಿ. ಹಳೆಯ ಮೆತ್ತನೆಯ ಸೀರೆಯಲ್ಲಿ ಚಪ್ಪಟೆಯಾಗಿ ಸುತ್ತಿಡಿರಿ. ಗೂಟಕ್ಕೆ ನೇತುಹಾಕಬೇಡಿರಿ, ತೊಡದ ದಿನಗಳಲ್ಲಿಯೂ ಭಾರವು ಬಟ್ಟೆಯನ್ನು ಎಳೆಯುತ್ತಲೇ ಇರುವುದು. ತೊಟ್ಟು ಬಿಚ್ಚಿದಮೇಲೆ ನೆರಳಿನಲ್ಲಿ ಬೆವರಾರಿಸಿರಿ.

ಅಮಾವಾಸ್ಯೆಯ ಸಂಜೆ ನಾನು ತಾಂಡೆಗೆ ಹೋದೆನು. ಗೋವೆಗೆ ಕೂಲಿಗೆ ಹೋಗಿದ್ದ ಹುಡುಗಿಯ ತಾಯಿಯು ಹಬ್ಬಕ್ಕೆಂದು ಬಂದಿದ್ದಳು. ಅವಳೇ ಮಗಳ ಬೆನ್ನ ಹಿಂದೆ ನಿಂತು ಕಸೆ ಬಿಗಿದಳು. ತನ್ನ ಕುಲಾವಿಯ ಕಥೆ ಅವಳಿಗೆ ಅಂದಿನವರೆಗೂ ತಿಳಿದಿರಲಿಲ್ಲ. ಹುಡುಗಿಯು ತೋಳೆತ್ತಿದಳು, ಬಾಗಿದಳು, ತಿರುಗಿದಳು. ನನ್ನ ಎದೆಯು ಡವಡವಿಸುತ್ತಿತ್ತು. ಒಂದು ನೂಲೂ ಅಲುಗಲಿಲ್ಲ. ದೀಪಗಳ ಸಾಲು ಮನೆಯಿಂದ ಮನೆಗೆ ಸಾಗಿದಂತೆ ಆ ಕನ್ನಡಿಗಳು ಕತ್ತಲೆಯಲ್ಲಿ ಹೊಳೆಯುತ್ತ ಹೋದುವು.

ಹೊರಡುವಾಗ ಮಿಕ್ಕಿದ್ದ ಖಾದಿಯ ತುಂಡನ್ನು ಮುದುಕಿಗೆ ಕೊಟ್ಟೆನು. ಅವಳು ಅದನ್ನು ಬೆರಳಿನಿಂದ ಅಳೆದು ನೋಡಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಮುಂದೆ ಒಂದು ಕುಲಾವಿಗೆ ಆದೀತು” ಎಂದಳು.