ಕುಂದಗೋಳದ ವಾಡೆಯ ಮುಂದೆ ನಿಂತು

ಹುಬ್ಬಳ್ಳಿಯಿಂದ ಹೊರಟ ರೈಲು ನಮ್ಮನ್ನು ಕುಂದಗೋಳದಲ್ಲಿ ಇಳಿಸಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಗುರುವಿನ ಬಳಿ ಪಾಠಕ್ಕೆಂದು ಗಂಗೂಬಾಯಿ ಹಾನಗಲ್ ಅವರು ಇದೇ ಹಾದಿಯಲ್ಲಿ ರೈಲಿನಿಂದ ಬರುತ್ತಿದ್ದುದನ್ನು ನೆನೆಯುತ್ತ ನಾಡಿಗೇರ ವಾಡೆಯತ್ತ ನಡೆದೆವು.

ಹಿಂದೂಸ್ತಾನಿ ಸಂಗೀತವು ಈ ಸೀಮೆಗೆ ಅತಿಥಿಯಾಗಿ ಬಂದುದು. ಉತ್ತರದ ಕೈರಾನಾದಲ್ಲಿ 1872ರಲ್ಲಿ ಜನಿಸಿದ ಅಬ್ದುಲ್ ಕರೀಂಖಾನರು ಮಿರಜಿನಲ್ಲಿ ನೆಲೆ ನಿಂತರು. ಮೈಸೂರು ಅರಮನೆಗೆ ಹೋಗಿಬರುವಾಗ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಅತಿಥಿಯೂ ಬಂದಂತೆಯೇ ಉಳಿಯಲಿಲ್ಲ. ದಕ್ಷಿಣಾದಿಯ ಸ್ವರಪ್ರಸ್ತಾರವನ್ನು ಖಾನಸಾಹೇಬರು ತಮ್ಮ ಗಾಯನದಲ್ಲಿ ಅಳವಡಿಸಿಕೊಂಡರು. ತ್ಯಾಗರಾಜರ ಕೃತಿಯನ್ನೂ ಹಾಡಿ ಧ್ವನಿಮುದ್ರಿಸಿದರು.

1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಬಳಿಕ ಅವರ ಸ್ಮರಣೆಯ ಅಹೋರಾತ್ರಿ ಸಂಗೀತೋತ್ಸವವು ಈ ವಾಡೆಯಲ್ಲಿ ನಡೆದುಬಂದಿತು. ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವವನ್ನು ಆರಂಭಿಸಿದರು. ಉತ್ತರದಿಂದ ಬಂದ ಗಾನವು ಕನ್ನಡಿಗರ ಕಂಠವೇರಿ ಮಹಾರಾಷ್ಟ್ರಕ್ಕೆ ಹಬ್ಬವಾಯಿತು!

ಈ ಗಾನವನ್ನು ಹಳ್ಳಿಯ ಜಾತ್ರೆಗೆ ಮುಟ್ಟಿಸಿದ ಕೀರ್ತಿ ಮಾತ್ರ ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು. ಉಭಯಗಾನ ವಿಶಾರದರಾದ ಪಂಚಾಕ್ಷರ ಗವಾಯಿಗಳೂ (1892-1944) ಅವರ ಬಳಿಕ ಪುಟ್ಟರಾಜ ಗವಾಯಿಗಳೂ (1914-2010) ಅಂಧ, ಅನಾಥ ಮಕ್ಕಳಿಗೆ ಅನ್ನವಿಕ್ಕಿ ವಿದ್ಯೆ ಕೊಟ್ಟರು. ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಶ್ರಾವಣದ ಪುರಾಣವೆಂದರೆ ಶಾಸ್ತ್ರಿಗಳ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗದಗಿನ ಗವಾಯಿಗಳು ಇರಲೇಬೇಕು. ಕರಡಿ ಮಜಲು ನಿಂತೊಡನೆ ಭೀಮಪಲಾಸ ಕೇಳಿಬರುತ್ತಿತ್ತು. ಅದು ಹೊರಗಿನದೆಂದು ಯಾರೂ ಅನ್ನಲಿಲ್ಲ. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳನ್ನು ಕೇಳಿದವರಿಗೆ ಆ ಸಂಶಯವೇ ಹುಟ್ಟದು.

ಸರಕಾರದ ಮನ್ನಣೆ ಬಂದುದು ಕಡೆಗೆ. ಕರ್ನಾಟಕ ಸಂಗೀತದ ತವರಾದ ಮೈಸೂರಿನಲ್ಲಿಯೇ ಇಂದು ರಾಜ್ಯದ ಸಂಗೀತ ವಿಶ್ವವಿದ್ಯಾಲಯವು ಗಂಗೂಬಾಯಿಯವರ ಹೆಸರನ್ನು ಹೊತ್ತಿದೆ. ಸಂತೋಷವೇ. ಆದರೆ ವಾಡೆಯ ಮುಂದೆ ನಿಂತಾಗ ನಮ್ಮನ್ನು ಒಂದು ಚಿಂತೆ ಕಾಡಿತು. ಈ ಗಾನಕ್ಕೆ ಮೊದಲು ಬಾಗಿಲು ತೆರೆದದ್ದು ಆಜ್ಞಾಪತ್ರವಲ್ಲ. ಒಂದು ಮನೆ, ಒಂದು ಮಠ, ಒಂದು ಆಶ್ರಮ. ಅನುದಾನವೆಲ್ಲ ದೊಡ್ಡ ವೇದಿಕೆ, ದೀಪಾಲಂಕಾರಗಳ ಪಾಲಾಗಿ, ರಾತ್ರಿಯಿಡೀ ಕುಳಿತು ಕೇಳುವ ಪಡಸಾಲೆಗಳು ಬರಿದಾದರೆ ನಾಳಿನ ಗಂಗೂಬಾಯಿ ಎಲ್ಲಿ ಕಲಿತಾಳು? ಸಾಂಸ್ಕೃತಿಕ ನೀತಿ ರೂಪಿಸುವವರು ಇಂಥ ಚಿಕ್ಕ ತಾಣಗಳನ್ನು ಮೊದಲು ಎಣಿಸಬೇಕು.

ನಮ್ಮ ಓದುಗರಲ್ಲಿಯೂ ಒಂದು ವಿನಂತಿ. ಈ ಸಲ ಊರ ಜಾತ್ರೆಗೆ ಪಟ್ಟಿ ಎತ್ತುವಾಗ, ಧ್ವನಿವರ್ಧಕದ ಬಾಡಿಗೆಯಲ್ಲಿ ಕೊಂಚ ಉಳಿಸಿ, ಆಶ್ರಮದಲ್ಲಿ ಕಲಿತ ಒಬ್ಬ ಗಾಯಕನನ್ನು ಕರೆಸಿರಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ.